ಡೈಪರ್ ಪರೀಕ್ಷೆಗೆ ಹಾಕಿದ ಬಾವಿ ನೀರು

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ ನಾನು ಕಿರಿಮಂಜೇಶ್ವರದ ಹತ್ತಿರ, ಹಾಸಿಗೆ ಹಿಡಿದವರಿಗೆ ಡೈಪರ್ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇಂಜಿನಿಯರ್ ಆಗಿ ಸೇರಿದೆ. ನನ್ನೂರು ಶಂಕರನಾರಾಯಣದ ಕಡೆ, ಕಡಲಿನಿಂದ ದೂರ. ಅಪ್ಪ ಕೆಂಪುಕಲ್ಲಿನ ಕೋರೆಯಲ್ಲಿ ಬೆನ್ನು ಸವೆಸಿ ಓದಿಸಿದ. ನಮ್ಮ ಮನೆಗೆ ಬಂದ ಮೊದಲ ಡಿಗ್ರಿ ನನ್ನದು. ಆ ಹೆಮ್ಮೆ ಈಗಲೂ ಇದೆ. ಆಗ ತುಸು ಜಾಸ್ತಿಯೇ ಇತ್ತು.

ಡೈಪರಿನ ಒಳಗೆ ಹತ್ತಿಯಂಥ ತಿರುಳಿನ ಜೊತೆ ಎಸ್‌ಎಪಿ ಎಂಬ ಬಿಳಿ ಪುಡಿ ಇರುತ್ತದೆ. ಒದ್ದೆಯಾದರೆ ಉಬ್ಬಿ ಜೆಲ್ಲಿಯಾಗಿ ನೀರನ್ನು ಹಿಡಿದಿಡುತ್ತದೆ. ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಅದು ಹೀರುವುದು ಕಡಿಮೆ. ಮೂತ್ರದಲ್ಲಿ ಉಪ್ಪಿರುವುದರಿಂದ ಪರೀಕ್ಷೆಗೆ ಒಂದು ಲೀಟರ್ ಡಿಸ್ಟಿಲ್ಡ್ ವಾಟರಿಗೆ ಒಂಬತ್ತು ಗ್ರಾಂ ಉಪ್ಪು ಹಾಕಿ, ಡೈಪರ್ ನೆನೆಸಿ, ಹಿಂಡಿ, ಎಷ್ಟು ಹಿಡಿದಿಟ್ಟಿದೆ ಎಂದು ತೂಗುತ್ತಿದ್ದೆವು.

ಆ ಮೇ ತಿಂಗಳು ಡಿಸ್ಟಿಲ್ಡ್ ವಾಟರ್ ಬರುವುದು ತಡವಾಯಿತು. ಸೆಕೆ, ಬಿಸಿ ಅಂಟಿನ ವಾಸನೆ, ಹನ್ನೆರಡು ತಾಸಿನ ಪಾಳಿ, ನನಗೂ ಸಾಕಾಗಿತ್ತು. ಕಾರ್ಖಾನೆಯ ಬಾವಿಯಿಂದ ಬರುವ ನಲ್ಲಿ ನೀರಿಗೇ ಉಪ್ಪು ಹಾಕಿದೆ. ಮೂರು ಬ್ಯಾಚ್, ಮೂರೂ ಫೇಲ್. ಪುಡಿ ಕಡಿಮೆ ಬೀಳುತ್ತಿದೆ ಎಂದುಕೊಂಡೆ. ಪುಡಿ ಹಾಕುವ ಯಂತ್ರ ನೋಡಿಕೊಳ್ಳುತ್ತಿದ್ದವರು ಗಿರಿಜಕ್ಕ, ಅಲ್ಲೇ ಕಡಲ ಬದಿಯ ಮೀನುಗಾರರ ಮನೆಯವರು.

“ನಾನ್ ಸೆಟ್ಟಿಂಗ್ ಮುಟ್ಲಿಲ್ಲೆ ಸಾರ್” ಎಂದರು.

ರಿಪೋರ್ಟಿನಲ್ಲಿ ‘ಆಪರೇಟರ್ ತಪ್ಪು’ ಎಂದು ಬರೆದೆ. ಮಾಲಕರು ಎಲ್ಲರೆದುರೇ ಅವರನ್ನು ಕೆಲಸದಿಂದ ತೆಗೆದರು.

ಮರುದಿನ ಮಧ್ಯಾಹ್ನ, ಬಿಟ್ಟುಹೋದ ಬುತ್ತಿಪಾತ್ರೆ ಒಯ್ಯಲು ಗಿರಿಜಕ್ಕ ಬಂದರು. ನಾನು ನಲ್ಲಿಯಡಿ ಬೀಕರ್ ಹಿಡಿದಿದ್ದೆ.

“ಹ್ವಾಯ್ ಸಾರ್, ಪರೀಕ್ಷೆಗೆ ಈ ನೀರಾ? ಒಂದ್ ಹನಿ ಬಾಯಿಗ್ ಹಾಕಿ ಕಾಣಿ.”

ಹಾಕಿದೆ. ಉಗುಳಿದೆ.

“ಮೇ ತಿಂಗ್ಳ್ ಈ ಬಾವಿಗೆ ಕಡ್ಲ್ ನೀರ್ ಬತ್ತ್. ನಾವೆಲ್ಲ ಮನಿಯಿಂದ ಬಾಟ್ಲಿ ಹೊತ್ಕಂಡ್ ಬಪ್ಪುದ್ ಎಂತಕ್ಕೆ, ಚೆಂದಕ್ಕಾ? ಡಿಗ್ರಿ ಮಾಡ್ದರಿಗೆ ನಾಲ್ಗಿ ಇಲ್ಯಾ?”

ನನ್ನ ಮೇಜಿಗೆ ಕ್ಯಾನಿನ ನೀರು ಬರುತ್ತಿತ್ತು. ಆ ಬಾವಿ ನೀರನ್ನು ನಾನು ಕುಡಿದೇ ಇರಲಿಲ್ಲ.

ಬೈಂದೂರಿನ ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದು ಮತ್ತೆ ತೂಗಿದೆ. ಮೂರೂ ಬ್ಯಾಚ್ ಪಾಸ್.

“ನೀರಿನ ಸಮಸ್ಯೆ ಅಂತ ಬರೀರಿ. ನಿಮ್ಮ ಹೆಸ್ರೆಂತಕ್ಕೆ? ಆ ಹೆಂಗ್ಸಿನ ಜಾಗಕ್ಕೆ ಬೇರೆ ಜನ ಸಿಕ್ತ್ರ್” ಎಂದರು ಮಾಲಕರು. ನಾನು ‘ಪರೀಕ್ಷೆ ಮಾಡಿದವನ ತಪ್ಪು’ ಎಂದು ಬರೆದು ಸಹಿ ಹಾಕಿದೆ. ಗಿರಿಜಕ್ಕ ಬರದಿದ್ದರೆ ನಾನೂ ಇರುವುದಿಲ್ಲ ಎಂದೆ. ಮುಖ ಗಂಟಿಕ್ಕಿ ಒಪ್ಪಿದರು.

ಸಂಜೆ ಗಿರಿಜಕ್ಕನ ಮನೆಗೆ ಹೋದೆ. ಕೂರಿ ಎನ್ನಲಿಲ್ಲ. “ಎಲ್ರ್ ಎದ್ರ್ ಕಳ್ಸಿದ್ರಿ. ಎಲ್ರ್ ಎದ್ರೇ ಹೇಳಿ, ಬತ್ತೆ” ಎಂದರು.

ಬೆಳಿಗ್ಗೆ ಯಂತ್ರ ಶುರುವಾಗುವ ಮುಂಚೆ, ತಪ್ಪು ನನ್ನದೆಂದು ಎಲ್ಲರೆದುರು ಹೇಳಿದೆ. ಗಿರಿಜಕ್ಕ ತನ್ನ ಬಾಟಲಿಯನ್ನು ಕಿಟಕಿಯ ಕೆಳಗೆ ಉಳಿದವರ ಬಾಟಲಿಗಳ ಪಕ್ಕ ಇಟ್ಟು, ನನ್ನತ್ತ ನೋಡದೆ ಯಂತ್ರದ ಕಡೆ ನಡೆದರು.

ಆ ಕೆಲಸ ಬಿಟ್ಟಿದ್ದೇನೆ. ನೆನೆದರೆ ಈಗಲೂ ಸುಸ್ತಾಗುತ್ತದೆ. ಅಷ್ಟು ಬಾಟಲಿಗಳ ಪಕ್ಕದಲ್ಲೇ ದಿನಾ ಲ್ಯಾಬಿಗೆ ಹೋಗುತ್ತಿದ್ದೆ. ಇವೆಲ್ಲ ಯಾಕೆ ಎಂದು ಒಮ್ಮೆ ಕೇಳಿದ್ದರೆ ಸಾಕಿತ್ತು.