ಏಕಾಂತಯ್ಯನವರ ಒಂದು ಹಕಾರ

ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ಯಂತ್ರ ತಿರುಗಿಸಿ ನಿವೃತ್ತರಾದ ಏಕಾಂತಯ್ಯನವರು ಪ್ರಾಯದಲ್ಲಿ ಒಮ್ಮೆ, ಒಂದೂವರೆ ನಿಮಿಷದ ಮಟ್ಟಿಗೆ, ರಾಜಗುರುಗಳಾಗಿದ್ದರು. ಚಿತ್ರದ ಹೆಸರು ‘ಕಿರೀಟ ಜಾರಿದ ಚಕ್ರವರ್ತಿ’. ಐತಿಹಾಸಿಕ ಚಿತ್ರಗಳನ್ನು ಅಣಕಿಸಲೆಂದೇ ತೆಗೆದ ಅದನ್ನು ಜನ ನಿಜವಾದ ಐತಿಹಾಸಿಕವೆಂದೇ ನಂಬಿ, ಭಕ್ತಿಯಿಂದ ಕೂತು, ನೊಂದು ಮನೆಗೆ ಹೋದರು. ಕಾರ್ಖಾನೆಯ ಸೈರನ್ ಕೂಗಿದೊಡನೆ ಎರಡೂ ಸೈನ್ಯಗಳು ಯುದ್ಧ ನಿಲ್ಲಿಸಿ, ಕತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು ಒಟ್ಟಿಗೆ ಟೀ ಕುಡಿಯಲು ಹೊರಡುವ ದೃಶ್ಯಕ್ಕೂ ಯಾರೂ ನಗಲಿಲ್ಲ. ನಾಲ್ಕನೆಯ ದಿನ ಚಿತ್ರ ಎತ್ತಂಗಡಿಯಾಯಿತು.

ನಕ್ಕದ್ದು ಒಂದೇ ಕಡೆ, ಅದೂ ಏಕಾಂತಯ್ಯನವರನ್ನು ನೋಡಿ. ಅವರ ಬಾಯಲ್ಲಿ ಹಾಲು ಆಲು, ಹೂವು ಊವು. ನಿರ್ದೇಶಕ ಗೋವಿಂದರಾಜು “ರಾಜಗುರು ಹಕಾರ ನುಂಗಬಾರದು” ಎಂದು ಗದರಿದ್ದೇ ತಡ, ಹೆದರಿದ ಗುರುಗಳು ಬೇಡದ ಕಡೆಯೂ ಒಂದು ಹಕಾರ ಅಂಟಿಸಿದರು. ಪಟ್ಟವೇರುತ್ತಿದ್ದ ರಾಜಕುಮಾರನ ತಲೆಯ ಮೇಲೆ ಕೈಯಿಟ್ಟು “ನೂರು ವರ್ಷ ಬಾಳಿ ನಾಡನ್ನು ಆಳು ಮಗನೇ” ಎನ್ನಬೇಕಿತ್ತು. ಹೊರಬಿದ್ದದ್ದು “ಹಾಳು ಮಗನೇ”. ರಾಜಕುಮಾರ ಬೆಚ್ಚಿದ, ಕಿರೀಟ ಮೂಗಿಗೆ ಜಾರಿತು. ಗೋವಿಂದರಾಜು ಅದನ್ನೇ ಉಳಿಸಿಕೊಂಡ, ಚಿತ್ರಕ್ಕೆ ಹೆಸರೂ ಅಲ್ಲಿಂದಲೇ ಬಂತು. ತಮ್ಮೂರು ಹಿನಕಲ್‌ನಲ್ಲಿ ಏಕಾಂತಯ್ಯನವರಿಗೂ ‘ಹಾಳ್ಮಗ’ ಎಂಬ ಬಿರುದು ಬಂತು. ಇಂದಿಗೂ ಅದು ಅವರಿಗೆ ಮುಳ್ಳು.

ಈಗ ಮೊಮ್ಮಗಳು ಗಗನ ಆ ಚಿತ್ರವನ್ನು ಹುಡುಕಿ ತೆಗೆದು, ಸಿದ್ಧಾರ್ಥನಗರದಲ್ಲಿ ಭಾನುವಾರ ತೋರಿಸಲು ಹೊರಟಿದ್ದಳು. ಗುರುಗಳ ಮಾತಿದ್ದ ಕಡೆ ಧ್ವನಿ ಅಳಿಸಿಹೋಗಿತ್ತು.

“ತಾತ, ನೀವೇ ಇನ್ನೊಂದ್ಸಲ ಹೇಳ್ಬೇಕು.”

“ಈ ಸಲನಾದ್ರೂ ಸರಿಯಾಗಿ ಹೇಳಿ,” ಎಂದರು ಹೆಂಡತಿ ದೇವಿರಮ್ಮ, ನಿವೃತ್ತ ಕನ್ನಡ ಮೇಡಂ. “ನಮ್ಮ ಮಾನ ಉಳೀಲಿ.”

“ಉಳಿಸ್ತೀನಿ ಬುಡು.”

ರೆಕಾರ್ಡಿಂಗ್ ಕೋಣೆಯಲ್ಲಿ ಏಕಾಂತಯ್ಯನವರು ಒಂದೇ ಸಲಕ್ಕೆ, ಅಪ್ಪಟ ಶುದ್ಧವಾಗಿ ಹರಸಿದರು. ಗಗನ ಚಿತ್ರಕ್ಕೆ ಜೋಡಿಸಿ ತೋರಿಸಿದಳು.

“ಆಶೀರ್ವಾದ ಮಾಡಿದ್ರೆ ಈ ಹುಡುಗ ಯಾಕ್ರೀ ಹೀಗೆ ಬೆಚ್ಚಿಬೀಳ್ತಾನೆ?” ಎಂದರು ದೇವಿರಮ್ಮ.

ಏಕಾಂತಯ್ಯನವರು ಎರಡು ಸಲ ನೋಡಿದರು. ಇಡೀ ಸಿಂಹಾಸನ ತಮ್ಮ ಒಂದು ಹಕಾರಕ್ಕೆ ಜೋತುಬಿದ್ದಿತ್ತೆಂದು ಅವರಿಗೆ ಹೊಳೆದದ್ದು ಅಂದೇ.

“ತೆಗ್ದಾಕು ಕಣಮ್ಮ. ತಪ್ಪಾಗೇ ಏಳ್ತೀನಿ.”

ಆದರೆ ತಪ್ಪು ಸಹಜವಾಗಿ ಬರಲೊಲ್ಲದು. ಒಂಬತ್ತು ಸಲ ಹೇಳಿದರು. “ಬೇಕೂಂತ ಬೈದಂಗಿದೆ ತಾತ,” ಎಂದಳು ಗಗನ.

ಆಗ ದೇವಿರಮ್ಮ ಎದ್ದರು. ಕನ್ನಡಕ ಏರಿಸಿ, ಗಂಡನ ಮುಂದೆ ನಿಂತು ತರಗತಿಯ ದನಿ ತೆಗೆದರು. “ಹಕಾರ ಎಲ್ಲಿ ಬರುತ್ತೆ, ಎಲ್ಲಿ ಬರಲ್ಲ, ಯೋಚಿಸಿ ಸ್ಪಷ್ಟವಾಗಿ ಹೇಳಿ. ತಪ್ಪಿದ್ರೆ ನೂರು ಸಲ ಬರೀಬೇಕು.”

ಏಕಾಂತಯ್ಯನವರ ಹಣೆ ಬೆವರಿತು. ಒಂದೊಂದೇ ಪದ ತೂಗಿ, ಸರಿಯಾಗಿ ಹೇಳಲು ಪ್ರಾಣ ಒತ್ತೆಯಿಟ್ಟರು. “ನೂರು ವರ್ಷ ಬಾಳಿ ನಾಡನ್ನು, ಹಾಳು ಮಗನೇ!”

ಮೇಡಂ ಬಾಯಿಗೆ ಸೆರಗು ತುರುಕಿಕೊಂಡು ಕುರ್ಚಿಗೆ ಕುಸಿದರು.

“ಅಜ್ಜಿ ನಗೂನೂ ರೆಕಾರ್ಡ್ ಆಗೋಯ್ತು ತಾತ. ಇನ್ನೊಂದ್ಸಲ ಹೇಳಿ.”

“ಅದೂ ಇರ್ಲಿ ಕಣಮ್ಮ,” ಎಂದರು ರಾಜಗುರುಗಳು ಬೆವರು ಒರೆಸಿಕೊಳ್ಳುತ್ತ. “ಈ ಮಾತಿಗೆ ಮೊದಲ್ನೇ ಸಲ ನಗ್ತಾವ್ಳೆ.”