ಸ್ವಂತ ಬುದ್ಧಿಗೆ ಒಬ್ಬ ಕೋಚ್

ಟೆಕ್ಸಸ್ಸಿನ ಡೊಬ್ರೋವಾದಲ್ಲಿ ನಾಲ್ಕು ರಸ್ತೆ ಕೂಡುವ ಕಡೆ, ನಾಲ್ಕೂ ದಿಕ್ಕಿಗೆ ‘ನಿಲ್ಲಿ’ ಎಂಬ ಫಲಕವಿದೆ. ಮೊದಲು ಬಂದವರು ಮೊದಲು ಹೋಗಬೇಕು, ನಿಯಮ ಅಷ್ಟೇ. ಹದಿನೆಂಟು ದಾಟಿದ ಟ್ರೇಸ್ ಕೊವಾರ್ ಒಂದು ಶನಿವಾರ ಅಲ್ಲಿ ಕಾರು ನಿಲ್ಲಿಸಿದವನು ಹನ್ನೊಂದು ನಿಮಿಷ ಕದಲಲಿಲ್ಲ. ಪಕ್ಕದಲ್ಲಿ ಅಜ್ಜಿ ಲಿಬ್ಬಿ, ಅವಳ ಮಡಿಲಲ್ಲಿ ಚರ್ಚಿಗೆ ಒಯ್ಯುತ್ತಿದ್ದ ಕೊಲಾಚಿ ಬನ್ನಿನ ತಟ್ಟೆ.

“ಯಾಕೋ ನಿಂತ್ಬಿಟ್ಟೆ?”

“ಹೋಗು ಅಂತ ಯಾರೂ ಹೇಳ್ಲಿಲ್ಲ ಅಜ್ಜಿ.”

“ನಾನು ಹೇಳ್ತಿದೀನಿ, ಹೋಗು ಮಾರಾಯ. ಬನ್ನು ಒಣಗ್ತಿದೆ.”

ಹೋದ. ಅಜ್ಜಿ ಚರ್ಚಿನಲ್ಲಿ ಇದನ್ನು ಹೇಳಿದಾಗ ಯಾರೂ ನಗಲಿಲ್ಲ. ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಅಲ್ಲವೇ, ಪಾಪ, ಎಂದರು.

ಟ್ರೇಸ್‌ಗೆ ಒಂಬತ್ತು ವರ್ಷವಾಗಿದ್ದಾಗ ಹಿತ್ತಿಲಿನಿಂದ ಎಸೆದ ಚೆಂಡು ಮನೆಯ ಮಾಡು ದಾಟಿ, ಬೀದಿಯಲ್ಲಿ ನಿಂತಿದ್ದ ಟ್ರಕ್ಕಿನ ಕಿಟಕಿಯೊಳಗೆ ನೆಟ್ಟಗೆ ತೂರಿ, ಅಪ್ಪನ ಕಾಫಿಯನ್ನು ಚೆಲ್ಲಿತ್ತು. ಅಪ್ಪ ಡ್ವೇನ್ ಕೊಳವೆಬಾವಿ ಕೊರೆಯುವವನು. ಕೊರೆಯುತ್ತಾ ಹೋದರೆ ಎಲ್ಲದರೊಳಗೂ ಏನಾದರೂ ಸಿಕ್ಕೇ ಸಿಗುತ್ತದೆ ಎಂದು ನಂಬಿದ ಆಸಾಮಿ. ಅವನು ಅಂಗಿ ಒರೆಸಿಕೊಳ್ಳುವ ಮೊದಲೇ ಮಗನ ಭವಿಷ್ಯ ತೀರ್ಮಾನವಾಯಿತು. ಮುಂದಿನ ಭಾನುವಾರದಿಂದ ಚರ್ಚು ಮುಗಿದದ್ದೇ ತಡ, ಅಪ್ಪ ಮಗ ಮೂರು ಗಂಟೆಯ ದಾರಿ ಹಿಡಿದು ತರಬೇತಿಗೆಂದು ಹ್ಯೂಸ್ಟನ್‌ಗೆ ಹೊರಡತೊಡಗಿದರು.

ಮೊದಲನೆಯವನು ಮೊಣಕೈ ಕೋಚ್. ಎಸೆಯುವಾಗ ಮೊಣಕೈ ಕಿವಿಯ ಮಟ್ಟಕ್ಕೆ ಬರಬೇಕು ಎಂದ. ಎರಡು ವರ್ಷದ ಮೇಲೆ ಬಂದ ಪಾದದ ಕೋಚ್, ಮೊಣಕೈ ಕಿವಿಯ ಮಟ್ಟಕ್ಕೆ ಬಂದರೆ ಪಾದ ಹಾಳಾಗುತ್ತದೆ ಎಂದು ಮುಖ ಹುಳ್ಳಗೆ ಮಾಡಿದ. ಕಣ್ಣಿನ ಕೋಚ್ ಕತ್ತಲೆ ಕೋಣೆಯಲ್ಲಿ ಕೂರಿಸಿ ಹಸಿರು ದೀಪಗಳನ್ನು ಎಣಿಸಲು ಹೇಳಿದ. ಮನಸ್ಸಿನ ಕೋಚ್ ‘ಬೇಡ’, ‘ಆಗಲ್ಲ’ ಎಂಬ ಮಾತುಗಳನ್ನೇ ನಿಷೇಧಿಸಿದ. ಆ ವರ್ಷ ಯಾರು ಎಷ್ಟು ಬಡಿಸಿದರೂ ಟ್ರೇಸ್ ತಿನ್ನಬೇಕಾಯಿತು, ತೂಕ ಏಳು ಕಿಲೋ ಹೆಚ್ಚಿತು. ಕೋಚ್ ಅದನ್ನೂ ಪ್ರಗತಿಯೆಂದೇ ಬರೆದುಕೊಂಡ.

ಎಂಟನೇ ತರಗತಿ ಒಳ್ಳೆಯ ಅಂಕದಲ್ಲಿ ಪಾಸಾದಾಗ ಅಪ್ಪ ಶಾಲೆಗೆ ಹೋಗಿ ಮಗನನ್ನು ಇನ್ನೊಂದು ವರ್ಷ ಅಲ್ಲೇ ಕೂರಿಸಿದ. ಎದುರಾಳಿಗಳಿಗಿಂತ ಒಂದು ವರ್ಷ ದೊಡ್ಡವನಾಗಿರಲಿ ಎಂಬ ಲೆಕ್ಕಾಚಾರ. ಊರಿನಲ್ಲಿ ಇದು ಮಾಮೂಲು. ಪಾಸಾಗಿಯೂ ಅಲ್ಲೇ ಉಳಿದವರು ಆ ತರಗತಿಯಲ್ಲಿ ಇನ್ನೂ ಆರು ಜನ ಇದ್ದರು, ಒಬ್ಬನಿಗೆ ಮೀಸೆ ಬಂದಿತ್ತು.

ಶಾಲಾ ತಂಡದ ಕೋಚ್ ಬುಲಾರ್ಡ್ ಮಾತ್ರ ಟ್ರೇಸ್‌ಗೆ ಏನನ್ನೂ ಕಲಿಸಲಿಲ್ಲ. ಅವನ ಪದ್ಧತಿಯಲ್ಲಿ ಅದರ ಅಗತ್ಯವೇ ಇರಲಿಲ್ಲ. ಚೆಂಡು ಕೈಗೆ ಬರುವ ಮುನ್ನ ಪ್ರತಿ ಸಲವೂ ಮೈದಾನದ ಬಲ ಅಂಚಿನಲ್ಲಿ ಇಬ್ಬರು ಒಂದು ದೊಡ್ಡ ಹಲಗೆ ಎತ್ತಿ ಹಿಡಿಯುತ್ತಿದ್ದರು. ಹಸುವಿನ ಚಿತ್ರ ಕಂಡರೆ ಎಡಕ್ಕೆ ಎಸೆಯಬೇಕು, ಮದುವೆ ಕೇಕು ಕಂಡರೆ ಬಲಕ್ಕೆ, ಮೇಯರ್ ಹೆಂಡತಿಯ ಫೋಟೋ ಕಂಡರೆ ಚೆಂಡು ಹೊತ್ತು ಓಡಬೇಕು. ನೋಡಿ ನೋಡಿ ಟ್ರೇಸ್‌ನ ಕತ್ತಿಗೆ ಅದೇ ಚಾಳಿಯಾಯಿತು. ಹೋಟೆಲಿನಲ್ಲಿ ಏನು ಕೊಡಲಿ ಎಂದರೆ ಬಲಕ್ಕೆ ನೋಡುತ್ತಿದ್ದ. ಗೋಡೆಯಿದ್ದರೆ ಗೋಡೆಯನ್ನೇ ನೋಡುತ್ತಿದ್ದ.

ಹೀಗಿರುವಾಗ ಆಗಸ್ಟಿನಲ್ಲಿ ಒಂದು ಕಾಲೇಜಿನಿಂದ ಆಟಗಾರರನ್ನು ಆರಿಸುವ ಪೆಟ್ರಿ ಎಂಬಾತ ಬಂದ. ಅರ್ಧ ಗಂಟೆ ಎಸೆತ ನೋಡಿ, ಡ್ವೇನ್‌ನನ್ನು ಪಕ್ಕಕ್ಕೆ ಕರೆದ.

“ಕೈಯೇನೋ ಚೆನ್ನಾಗಿದೆ. ಆದ್ರೆ ಯಾರೂ ಏನೂ ಹೇಳ್ದೆ ಇದ್ರೆ ನಿಮ್ಮ ಹುಡುಗ ಏನ್ಮಾಡ್ತಾನೆ? ನವೆಂಬರಲ್ಲಿ ಕೊನೇ ಪಂದ್ಯಕ್ಕೆ ಬರ್ತೀನಿ. ಸ್ವಂತ ಬುದ್ಧಿ ಕಂಡ್ರೆ ಸೀಟು, ಇಲ್ದಿದ್ರೆ ಇಲ್ಲ.”

ಡ್ವೇನ್ ಕೈಕಟ್ಟಿ ಕೂರುವವನೇ? ಅದೇ ವಾರ ಐದನೇ ಕೋಚನ್ನು ಹುಡುಕಿ ತೆಗೆದ. ಹೆಸರು ಸ್ಕಿಪ್ ಲ್ಯಾಂಗ್‌ಡನ್. ಸ್ವಂತ ಬುದ್ಧಿ ಕಲಿಸುವುದೇ ಅವನ ಕಸುಬು.

“ಸ್ವಂತ ತೀರ್ಮಾನಗಳು ಒಟ್ಟು ಹದಿನಾಲ್ಕು. ಕ್ರಮವಾಗಿ ಬಾಯಿಪಾಠ ಮಾಡು,” ಎಂದ ಲ್ಯಾಂಗ್‌ಡನ್.

“ಸರಿ ಸರ್.”

“ಸುಮ್ನೆ ಸರಿ ಅನ್ಬೇಡ. ನಿನಗೇನನ್ಸುತ್ತೋ ಅದನ್ನ ಹೇಳು.”

ಟ್ರೇಸ್ ಬಲಕ್ಕೆ ನೋಡಿದ. ಅಲ್ಲಿ ನಿಂತಿದ್ದ ಅಪ್ಪ ತಲೆಯಾಡಿಸಿದ.

“ಸರಿ ಅನ್ಸುತ್ತೆ ಸರ್.”

ಮೂರು ತಿಂಗಳು ಹೀಗೇ ನಡೆಯಿತು. ಟ್ರೇಸ್‌ಗೆ ಒಳಗೊಳಗೇ ದುಃಖವಾಗುತ್ತಿತ್ತು. ಸೀಟು ಬೇಕು ಎಂಬುದು ಗೊತ್ತಿತ್ತು. ಅದು ತನಗೇ ಬೇಕೋ, ಅಪ್ಪನಿಗೆ ಬೇಕೆಂದು ತನಗೆ ಬೇಕೋ, ಅದು ಗೊತ್ತಾಗುತ್ತಿರಲಿಲ್ಲ. ಅದನ್ನು ಹೇಳಿಕೊಡುವ ಕೋಚ್ ಹ್ಯೂಸ್ಟನ್‌ನಲ್ಲೂ ಇರಲಿಲ್ಲ.

ಕೊನೆಯ ಪಂದ್ಯದ ಶುಕ್ರವಾರ ಸಂಜೆ ಊರಿಗೆ ಊರೇ ಬೀಗ ಹಾಕಿ ಮೈದಾನಕ್ಕೆ ಬಂತು. ಪೆಟ್ರಿ ಮುಂದಿನ ಸಾಲಿನಲ್ಲಿ ಕೂತ. ಹಿಂದೆಯೇ ಅಪ್ಪ, ಅಪ್ಪನ ಪಕ್ಕ ಐವರೂ ಕೋಚ್‌ಗಳು. ಇನ್ನು ಇಪ್ಪತ್ತೆರಡು ಸೆಕೆಂಡು ಉಳಿದಿದ್ದಾಗ ಡೊಬ್ರೋವಾ ನಾಲ್ಕು ಅಂಕ ಹಿಂದಿತ್ತು; ಎದುರಾಳಿಯ ಕೊನೆಗೆರೆಯಾಚೆ ಚೆಂಡು ಹಿಡಿದರೆ ಆರು ಅಂಕ. ಒಂದೇ ಅವಕಾಶ ಬಾಕಿ, ಆಟ ತಡೆದು ಕೇಳುವಂತೆಯೂ ಇರಲಿಲ್ಲ. ಆಗಲೇ ಬಡಗಣ ಗಾಳಿ ಬೀಸಿ ಹಲಗೆಯನ್ನು ಕಿತ್ತುಕೊಂಡು, ಬೇಲಿಯಾಚೆಯ ಹತ್ತಿ ಹೊಲಕ್ಕೆ ಒಯ್ದಿತು. ಹಲಗೆ ಹಿಡಿದಿದ್ದವರಿಬ್ಬರೂ ಅದರ ಬೆನ್ನಟ್ಟಿ ಓಡಿದರು. ಬುಲಾರ್ಡ್ ಬಾಯಿ ತೆರೆದ, ಬ್ಯಾಂಡಿನ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ.

ಟ್ರೇಸ್ ಪ್ರೇಕ್ಷಕರ ಕಡೆ ನೋಡಿದ. ಲ್ಯಾಂಗ್‌ಡನ್ ಬೆಂಚಿನ ಮೇಲೆ ನಿಂತು ಏಳು ಬೆರಳು ತೋರಿಸುತ್ತಿದ್ದ. ಏಳನೆಯ ಸ್ವಂತ ತೀರ್ಮಾನ: ನಿನ್ನ ಮನಸ್ಸಿಗೆ ಬಂದದ್ದನ್ನು ಮಾಡು.

ಹೇಳಿದ ಮೇಲೆ ಮಾಡಬೇಕಲ್ಲ. ಟ್ರೇಸ್ ಮನಸ್ಸಿನೊಳಗೆ ಇಣುಕಿದ. ಅಲ್ಲಿ ಒಂದೇ ಒಂದು ಆಸೆ ಬಿದ್ದಿತ್ತು, ಅವನಿಗೇ ನಾಚಿಕೆಯಾಯಿತು.

“ಓಸ್ವಾಲ್ಡೊ, ಚೆಂಡು ನಿಂಗ್ಕೊಡ್ತೀನಿ. ನೀನು ನನಗೆ ಎಸಿ,” ಎಂದ ತನ್ನ ಎಸೆತಗಳನ್ನು ಹಿಡಿಯುವ ಹುಡುಗನಿಗೆ.

“ತಲೆ ಕೆಟ್ಟಿದೆಯಾ? ನಂಗೆಲ್ಲಿ ಎಸೆಯೋಕೆ ಬರುತ್ತೆ?”

“ನನಗೆ ಒಂದ್ಸಲ ಹಿಡೀಬೇಕು ಕಣೋ.”

ಚೆಂಡನ್ನು ಓಸ್ವಾಲ್ಡೊ ಕೈಗಿಟ್ಟು ಟ್ರೇಸ್ ಓಡಿದ. ಓಸ್ವಾಲ್ಡೊ ಓಡುತ್ತಲೇ, ಕೈ ಸೊಂಟದ ಬಳಿ ಬೀಸಿ, ಒಂಟಿಗಾಲಲ್ಲಿ ಎಸೆದ. ಚೆಂಡು ನಲವತ್ತು ಗಜ ಹಾರಿ ಗೆರೆಯಾಚೆ ಟ್ರೇಸ್‌ನ ಎದೆಗೆ ಬಂದು ಕೂತಿತು. ಅವನು ಅದನ್ನು ತಬ್ಬಿಕೊಂಡು ನೆಲಕ್ಕೆ ಬಿದ್ದ. ಡೊಬ್ರೋವಾ ಗೆದ್ದಿತು.

ಜನ ನುಗ್ಗಿದರು. ಪೆಟ್ರಿ ಮಾತ್ರ ಟ್ರೇಸ್‌ನ ಹತ್ತಿರ ಬರಲಿಲ್ಲ. ಆತ ಓಸ್ವಾಲ್ಡೊನ ಮುಂದೆ ನಿಂತಿದ್ದ.

“ನಿನ್ನ ಎಸೆತದ ಕೋಚ್ ಯಾರಪ್ಪ?”

“ಯಾರೂ ಇಲ್ಲ ಸರ್. ನಮ್ಮಮ್ಮನ ಕೋಳಿ ಓಡಿಸೋಕೆ ಕಲ್ಲು ಎಸೀತೀನಿ, ಅಷ್ಟೇ.”

ಪೆಟ್ರಿ ಅವನ ಹೆಸರು ಬರೆದುಕೊಂಡು ಹೋದ. ಅವನು ಅತ್ತ ಹೋಗಿದ್ದೇ ತಡ, ಐವರು ಕೋಚ್‌ಗಳೂ ಓಸ್ವಾಲ್ಡೊನನ್ನು ಮುತ್ತಿಕೊಂಡರು. ಒಬ್ಬ ಮೊಣಕೈ ಹಿಡಿದೆತ್ತಿದ. ಇನ್ನೊಬ್ಬ ಮಂಡಿಯೂರಿ ಪಾದ ತಿರುಗಿಸಿದ. ಲ್ಯಾಂಗ್‌ಡನ್ ತೀರ್ಮಾನಗಳ ಪಟ್ಟಿ ಬಿಚ್ಚಿದ. ಭಾನುವಾರ ಎಷ್ಟು ಗಂಟೆಗೆ ಎಂದು ಡ್ವೇನ್ ಆಗಲೇ ಕೇಳುತ್ತಿದ್ದ, ಟ್ರಕ್ಕಿನಲ್ಲಿ ಜಾಗ ಇದೆ ಎಂದ.

“ಅವನ ಕೈ ಬಿಡಿ,” ಎಂದ ಟ್ರೇಸ್.

ಐವರೂ ತಿರುಗಿ ನೋಡಿದರು. ಟ್ರೇಸ್ ಯಾರ ಕಡೆಗೂ ನೋಡಿರಲಿಲ್ಲ. ಅದು ಹದಿನಾಲ್ಕರಲ್ಲಿ ಎಷ್ಟನೆಯದೆಂದು ಲ್ಯಾಂಗ್‌ಡನ್ ಪಟ್ಟಿಯಲ್ಲಿ ಹುಡುಕಿದ, ಸಿಗಲಿಲ್ಲ. ಮೊಣಕೈಯವನು ಮೆಲ್ಲಗೆ ಕೈ ಬಿಟ್ಟ.

“ಏನೋ ಹೀಗಂತೀಯ? ಅವನ ಒಳ್ಳೇದಕ್ಕೇ ಅಲ್ವಾ?” ಎಂದ ಅಪ್ಪ.

“ಬೇಡ ಅಪ್ಪ. ಅವನಿಗೂ ಬೇಡ, ನನಗೂ ಇನ್ನು ಬೇಡ. ಈ ಭಾನುವಾರ ನಾನು ಹ್ಯೂಸ್ಟನ್‌ಗೆ ಬರಲ್ಲ.”

ಡ್ವೇನ್‌ಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

“ಹಂಗಾದ್ರೆ ಭಾನುವಾರ ನಾನೇನ್ಮಾಡ್ಲಿ?”

ಒಂಬತ್ತು ವರ್ಷ, ಪ್ರತಿ ವಾರ, ಹೋಗಿ ಬರಲು ಆರು ಗಂಟೆ. ಅಪ್ಪನಿಗೆ ತಾನು ಸಿಗುತ್ತಿದ್ದದ್ದು ಆ ಟ್ರಕ್ಕಿನಲ್ಲಿ ಮಾತ್ರ ಎಂದು ಟ್ರೇಸ್‌ಗೆ ಈಗ ಹೊಳೆಯಿತು. ಎಸೆತ ಕೆಟ್ಟೀತು ಎಂಬ ಹೆದರಿಕೆಗೆ ಅಪ್ಪ ಈ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಅವನ ಜೊತೆ ಚೆಂಡಾಡಿರಲಿಲ್ಲ.

ಟ್ರೇಸ್ ಚೆಂಡನ್ನು ಅಪ್ಪನ ಕೈಗೆ ಕೊಟ್ಟು ಹತ್ತು ಹೆಜ್ಜೆ ಹಿಂದೆ ಹೋದ.

“ಎಸಿ ಅಪ್ಪ.”

“ನನಗೆ ಬರಲ್ಲ ಕಣೋ. ಹೇಗೆ ಎಸೀಬೇಕು?”

“ನಾನು ಹೇಳಲ್ಲ,” ಎಂದ ಟ್ರೇಸ್.