ಕೌದಿ ಕೋರ್ಸಿನಲ್ಲಿ ಪಾಸಾದವರು

"ನಮ್ಮನೆ ಹೆಣ್ಮಕ್ಕಳ ಕೈಗೆ ಸರ್ಟಿಫಿಕೇಟಾ? ಆಗೋ ಮಾತಾ ಅದು?" ಎಂದವರು ನಮ್ಮ ದೊಡ್ಡಪ್ಪ. ಅದೇ ದೂರದೃಷ್ಟಿಯಿಂದ ತಮ್ಮ ಇಬ್ಬರು ತಂಗಿಯರನ್ನೂ ಶಾಲೆ ಬಿಡಿಸಿದ್ದರು. ಆ ಮಾತನ್ನು ನಾನು ಬಿ.ಕಾಂ. ಮುಗಿಸಿ ಸುಳ್ಳು ಮಾಡಿದೆ.

ಪದವೀಧರೆಯಾದ ಮೇಲೆ ಕೌದಿ ಹೊಲಿಯುವುದಕ್ಕೂ ಕೋರ್ಸು ಬೇಕಲ್ಲ. ಬಸವನಗುಡಿಯಲ್ಲಿ ಸೇರಿಕೊಂಡೆ. ಪ್ರೀತಿಪಾತ್ರರ ನೆನಪಿಗೆ ಒಂದೊಂದು ಚೌಕ ಹೊಲಿದು ತರಬೇಕಿತ್ತು. ನಾನು ಶಾಲೆ ಬಿಟ್ಟ ಆ ಇಬ್ಬರು ಅತ್ತೆಯರ ಹಳೆಯ ಸೀರೆಗಳನ್ನು ಕತ್ತರಿಸಿದೆ. ಒಂದು, ತೀರಿಕೊಂಡ ದೊಡ್ಡತ್ತೆ ಶಾಲೆಯಲ್ಲಿ ಆಯಾ ಆಗಿದ್ದಾಗ ಉಡುತ್ತಿದ್ದ ನೀಲಿ ಸೀರೆ. ಇನ್ನೊಂದು, ನಮ್ಮ ಜೊತೆಗೇ ಇರುವ ಸಣ್ಣತ್ತೆಯ ಹಸಿರು ಸೀರೆ. ಅದರ ಸೆರಗಿಗೆ ಮೂಗು ಒರೆಸುತ್ತಲೇ ನಾನು ಮಗ್ಗಿ ಕಲಿತಿದ್ದು.

ಕೊನೆಯ ದಿನ ಸಣ್ಣತ್ತೆಯೂ ಬಂದರು. ಟೀಚರ್ ನನ್ನ ಚೌಕಗಳನ್ನು ಎತ್ತಿ ಹಿಡಿದು, "ನೋಡಿ, ಮೂರೇ ತಿಂಗಳಿಗೆ ಎಂಥಾ ಹೊಲಿಗೆ" ಎಂದು ತಮ್ಮ ಪಾಠವನ್ನೇ ಹೊಗಳಿಕೊಂಡರು. ಹಿಂಬದಿ ತಿರುಗಿಸಿದರೆ ಒಂದು ಗಂಟೂ ಇಲ್ಲ. ನಾನು ಹೊಲಿದಿದ್ದರ ತುಂಬ ಗಂಟುಗಳೇ ಇದ್ದವು. ನಾನು ಆಫೀಸಿಗೆ ಹೋಗಿದ್ದಾಗ ಅತ್ತೆ ಎಲ್ಲವನ್ನೂ ಬಿಚ್ಚಿ ಮತ್ತೆ ಹೊಲಿದಿಟ್ಟಿದ್ದು ಗೊತ್ತಾಗಿದ್ದೇ ಆಗ.

ಕಾಪಿ ಹೊಡೆಯದೆ ಡಿಗ್ರಿ ಪಡೆದವಳು ನಾನು. "ಮೇಡಂ, ಇದು ಅತ್ತೆ ಹೊಲಿದಿದ್ದು" ಎಂದುಬಿಟ್ಟೆ. ಟೀಚರ್ ನನ್ನ ಹೆಸರಿನ ಸರ್ಟಿಫಿಕೇಟನ್ನು ಬದಿಗಿಟ್ಟು, ಖಾಲಿ ಇದ್ದ ಒಂದರಲ್ಲಿ ಅತ್ತೆಯ ಹೆಸರು ಬರೆದು ಅವರ ಕೈಗೆ ಕೊಟ್ಟರು.

ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ತಿರುಗಿದರು. "ಫೇಲಾದೆ ಅಂತ ಬೇಜಾರ್ ಮಾಡ್ಕೋಬೇಡ ಕಣೆ. ನಾಳೆಯಿಂದ ನಾನೇ ಹೇಳ್ಕೊಡ್ತೀನಿ."